ತಮ್ಮನ ಮ್ಯಾಚಿಗೆ ನಾನು ಮಾರಿದ ಐವತ್ತು ಟಿಕೆಟ್ಟು

ನನ್ನ ತಮ್ಮನ ಜೀವನದಲ್ಲಿ ಒಂದು ದೊಡ್ಡ ದಿನವಿದೆ. ಆ ದಿನ ಗುಬ್ಬಿಯಿಂದಲೂ ಕುಣಿಗಲ್ಲಿನಿಂದಲೂ ಜನ ಬಸ್ಸು ಹತ್ತಿ, ಅವನ ಆಟ ನೋಡುವುದಕ್ಕೆಂದೇ ತುಮಕೂರಿಗೆ ಬಂದಿದ್ದರು. ಇದನ್ನು ಯಾರಿಗೆ ಹೇಳಿದರೂ ಕೊನೆಯಲ್ಲಿ ಅವನು ನನ್ನ ಕಡೆ ಕೈ ತೋರಿಸುತ್ತಿದ್ದ. "ಬೇಕಾದ್ರೆ ಅಕ್ಕನ್ನ ಕೇಳಿ. ಅವಳೇ ಇದ್ಲು ಅಲ್ಲಿ." ನಾನು ತಲೆ ಆಡಿಸುತ್ತಿದ್ದೆ. ಹೀಗೆ ಎಂಟು ವರ್ಷ ತಲೆ ಆಡಿಸಿದೆ.

ಜನ ಬಂದದ್ದು ಸುಳ್ಳಲ್ಲ. ಬರುವಂತೆ ಮಾಡಿದವಳೇ ನಾನು. ಹೇಗೆ ಮಾಡಿದೆ ಎನ್ನುವುದರಲ್ಲಿದೆ ತೊಂದರೆ.

ನಾನು ಓದಿದ್ದು ಏಳನೇ ಕ್ಲಾಸು. ಅದು ಮುಗಿದ ಮೇಲೆ ಬೆಳ್ಳಾವಿಯ ನಮ್ಮ ಮನೆಗೆ ನನಗಾಗಿ ಒಂದು ಹೊಲಿಗೆ ಮೆಷಿನ್ನು ಬಂತು, ತಮ್ಮ ಹೈಸ್ಕೂಲಿಗೆ ಹೋದ. ಅದರಲ್ಲಿ ನನಗೆ ದೂರೇನಿಲ್ಲ. ಲೆಕ್ಕದ ಮೇಷ್ಟ್ರಿಗೂ ನನಗೂ ಒಟ್ಟಿಗೇ ಬಿಡುಗಡೆಯಾಯಿತು. ಮದುವೆಯಾಗಿ ತುಮಕೂರಿಗೆ ಬರುವಾಗ ಮೆಷಿನ್ನೂ ನನ್ನ ಜೊತೆ ಬಂತು. ಎರಡು ವರ್ಷ ಕಳೆದ ಮೇಲೆ ತಮ್ಮನೂ ಬಂದ, ಕಾಲೇಜು ಓದಲು. ನಮ್ಮ ಯಜಮಾನರು ಕುಣಿಗಲ್ ಕಡೆಗೆ ಓಡುವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಇದ್ದದ್ದು ಎರಡೇ ಕೋಣೆಯ ಮನೆ, ಮುಂದೆ ಎರಡು ಕಂಬದ ಜಗಲಿ. ಜಗಲಿಯ ಮೂಲೆಯಲ್ಲಿ ಕೂತು ನಾನು ರವಿಕೆ ಹೊಲಿಯುತ್ತಿದ್ದೆ.

ತಮ್ಮ ಫುಟ್‌ಬಾಲ್ ಟೀಮಿಗೆ ಸೇರಿದ್ದು ಎತ್ತರದ ದೆಸೆಯಿಂದ. ಓಡು ಅಂದರೆ ಒಂಟೆಯ ಹಾಗೆ ಓಡುತ್ತಿದ್ದ. ಅದಕ್ಕೇ ಪಿ.ಟಿ. ಮೇಷ್ಟ್ರು ಅವನನ್ನು ಗೋಲಿನಲ್ಲಿ ನಿಲ್ಲಿಸಿದರು. ಗೋಲ್‌ಕೀಪರಿಗೆ ಬೇರೆಯದೇ ಬಣ್ಣದ ಅಂಗಿ ಬೇಕಂತೆ. ನಾನೇ ಒಂದು ಹಳದಿ ಅಂಗಿ ಹೊಲಿದುಕೊಟ್ಟೆ. ಗ್ಲೌಸೂ ಬೇಕು ಅಂದ. ಯಜಮಾನರು ಬಸ್ಸಿನ ಹರಿದ ಸೀಟಿನ ರೆಕ್ಸಿನ್ ತಂದರು, ಅದರಲ್ಲಿ ಗ್ಲೌಸನ್ನೂ ಹೊಲಿದೆ. ಹಾಕಿಕೊಂಡರೆ ಎಮ್ಮೆ ಮೈ ತೊಳೆಯಲು ಹೊರಟವನ ಹಾಗೆ ಕಾಣುತ್ತಿದ್ದ.

ಆ ಕಾಲೇಜಿನಲ್ಲಿ ಫುಟ್‌ಬಾಲಿಗೆಂದು ಕೈ ಬಿಚ್ಚುವವರು ಯಾರೂ ಇರಲಿಲ್ಲ. ಚೆಂಡು, ಬೂಟು, ಪರ ಊರಿಗೆ ಹೋದರೆ ಬಸ್ ಚಾರ್ಜು, ಎಲ್ಲವೂ ನಮ್ಮೂರಿನ ಮೈದಾನದಲ್ಲಿ ನಡೆಯುವ ಮ್ಯಾಚಿನ ಟಿಕೆಟ್ಟಿನಿಂದಲೇ ಹುಟ್ಟಬೇಕು. ಗೋಲಿಗೆ ಕಟ್ಟಿದ ಬಲೆಯನ್ನು ಮಾರ್ಕೋನಹಳ್ಳಿ ಡ್ಯಾಮಿನಲ್ಲಿ ಮೀನು ಹಿಡಿಯುವವರಿಂದ ತಂದಿದ್ದರು. ಅದರ ಹತ್ತಿರ ನಿಂತರೆ ಗೊತ್ತಾಗುತ್ತಿತ್ತು.

ಪಿ.ಟಿ. ಮೇಷ್ಟ್ರು ಟಿಕೆಟ್ ಮಾರುವುದರಲ್ಲಿ ದೊಡ್ಡ ಕಸುಬುದಾರರು. ರಸ್ತೆಯಲ್ಲಿ ಹೋಗುವವರಿಗೆ ಪುಕ್ಕಟೆ ಆಟ ಕಾಣಬಾರದೆಂದು ಬಿದಿರು ನೆಟ್ಟು, ಮೈದಾನದ ಸುತ್ತ ಗೋಣಿತಾಟು ಕಟ್ಟಿಸುತ್ತಿದ್ದರು. ಮೂಲೆಯಲ್ಲೊಂದು ಹುಣಸೆಮರವಿತ್ತು. ಅದನ್ನು ಹತ್ತಿ ನೋಡುವವರಿಂದ ಟಿಕೆಟ್ ಕೇಳಲು ಬುಡದಲ್ಲಿ ಒಬ್ಬ ವಿದ್ಯಾರ್ಥಿ ನಿಂತಿರುತ್ತಿದ್ದ. ಜಟಕಾ ಗಾಡಿಗೆ ಮೈಕು ಕಟ್ಟಿ ಊರೆಲ್ಲ ಕೂಗಿಸುವುದು ಬೇರೆ. ಬೆಂಗಳೂರಿನ ಕಾಲೇಜು ಆಡಲು ಬರುತ್ತದೆ ಅಂದರೆ ಜನ ತಾವಾಗಿ ಬಂದು ಕೇಳುತ್ತಿದ್ದರು. ಮೇಷ್ಟ್ರು ಅಷ್ಟು ಸುಲಭಕ್ಕೆ ಕೊಡುತ್ತಿರಲಿಲ್ಲ. ಯಾರೂ ಬಾರದ ಇನ್ನೊಂದು ಸಪ್ಪೆ ಮ್ಯಾಚಿನ ಟಿಕೆಟ್ಟನ್ನು ಅದಕ್ಕೆ ಪಿನ್ನು ಹೊಡೆದಿಟ್ಟಿರುತ್ತಿದ್ದರು. "ಎರಡೂ ತಗೊಂಡ್ರೆ ಒಂದು ನೋಡ್ಬೋದು" ಅನ್ನುತ್ತಿದ್ದರು.

ಇದೆಲ್ಲಕ್ಕಿಂತ ದೊಡ್ಡದು ಅವರ ಪುಸ್ತಕದ ಕಾನೂನು. ಪ್ರತಿ ಆಟಗಾರನ ಕೈಗೂ ಐವತ್ತು ಟಿಕೆಟ್ಟಿನ ಒಂದು ಪುಸ್ತಕ. ಮ್ಯಾಚಿನ ಹಿಂದಿನ ಸಂಜೆಗೆ ಯಾರ ಪುಸ್ತಕ ಖಾಲಿಯಾಗಿಲ್ಲವೋ ಅವನು ಹೊರಗೆ ಕೂತು ಚೆಂಡು ಹೆಕ್ಕಿಕೊಡಬೇಕು. ಮಂಡಿ ಅಂಗಡಿಯವರ ಮಕ್ಕಳ ಪುಸ್ತಕ ಅವರಪ್ಪನ ಗಲ್ಲಾದ ಮುಂದೆಯೇ ಮುಗಿಯುತ್ತಿತ್ತು. ನನ್ನ ತಮ್ಮನಿಗೆ ಬೇಡುವುದು ಬಾರದು. ಯಾರಿಗಾದರೂ ಟಿಕೆಟ್ ತೋರಿಸಿದರೆ ಅವನೇ ನಾಚಿಕೊಂಡು ಜೇಬಿಗೆ ಇಟ್ಟುಕೊಳ್ಳುತ್ತಿದ್ದ. ಎರಡು ವರ್ಷ ಊರ ಮ್ಯಾಚುಗಳಲ್ಲೆಲ್ಲ ಚೆಂಡು ಹೆಕ್ಕಿಕೊಟ್ಟ. ಹಳದಿ ಅಂಗಿ ಪೆಟ್ಟಿಗೆಯಲ್ಲೇ ಇತ್ತು.

ಕೊನೆಯ ವರ್ಷದ ಕೊನೆಯ ಮ್ಯಾಚು ಬಂತು. ಆಮೇಲೆ ಪರೀಕ್ಷೆ, ಕಾಲೇಜು ಮುಗಿಯಿತು. ಅವನು ಬಂದು ಪುಸ್ತಕವನ್ನು ಮೆಷಿನ್ನಿನ ಮೇಲೆ ಇಟ್ಟ.

"ಅಕ್ಕಾ, ಇದೊಂದ್ಸಲ ಒಳಗೆ ನಿಂತ್ಕೊಂಡ್ರೆ ಸಾಕು."

"ಕೊಡು ಇಲ್ಲಿ," ಅಂದೆ. ಜಂಬ ನನಗೆ.

ನಮ್ಮ ಯಜಮಾನರು ಊಟಕ್ಕೆ ಕೂತಿದ್ದವರು ನಕ್ಕರು. "ದಿನಾ ಐನೂರು ಟಿಕೆಟ್ ಕೊಡೋನು ನಾನು, ಹೇಳ್ತೀನಿ ಕೇಳು. ನಾನು ಟಿಕೆಟ್ ಕೊಟ್ರೆ ಜನ ಕುಣಿಗಲ್‌ಗೆ ಹೋಯ್ತಾರೆ. ನೀನು ಕೊಟ್ರೆ ಎಲ್ಲಿಗೆ ಹೋಯ್ತಾರೆ? ಏನಾದ್ರೂ ಸಿಗೋದಿದ್ರೆ ತಾನೇ ತಗೊಳೋದು?"

ಈ ಮಾತನ್ನು ಅವರು ಹೇಳಬಾರದಿತ್ತು.

ಮೊದಲ ನಾಲ್ಕು ದಿನದಲ್ಲಿ ಏಳು ಟಿಕೆಟ್ ಹೋಯಿತು. ಅದರಲ್ಲಿ ಒಂದನ್ನು ಹೊಲಿದ ರವಿಕೆಯ ಒಳಗೆ ಮಡಚಿಟ್ಟು ಕೊಟ್ಟಿದ್ದೆ. ಆಕೆ ರವಿಕೆ ಇಟ್ಟುಕೊಂಡು ಟಿಕೆಟ್ ವಾಪಸ್ಸು ಕಳಿಸಿದಳು. ಹಾಗೆ ನೋಡಿದರೆ ಆರೇ.

ಐದನೆಯ ದಿನ ಗುಬ್ಬಿಯ ಒಂದು ಮನೆಗೆ ಹೊಲಿದ ಬಟ್ಟೆ ಕೊಡಲು ಹೋದೆ. ಆ ಮನೆಯ ಯಜಮಾನರು ದಿನಸಿ ಅಂಗಡಿಯವರು, ನಾಟಕದ ಹುಚ್ಚಿನವರು. ನಾನು ಟಿಕೆಟ್ ತೆಗೆದರೆ ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ನೋಡಿದರು.

"ರಾಜನ ಪಾರ್ಟು ಯಾರ್ದು?"

"ನಾಟಕ ಅಲ್ಲ, ಫುಟ್‌ಬಾಲು. ನನ್ನ ತಮ್ಮ ಆಡ್ತಾನೆ."

"ಓ, ಚೆಂಡಾಟ," ಅಂದು ಕನ್ನಡಕ ತೆಗೆದರು. ಆಗ ಒಳಗಿನಿಂದ ಅವರ ಹೆಂಡತಿ ಬಂದರು. ಅವರಿಗೆ ಮದುವೆಗೆ ಬಂದ ಮಗಳಿದ್ದಳು. ಆಕೆಯ ಅಳತೆ ನನಗೆ ಬಾಯಿಪಾಠ.

"ನಿನ್ ತಮ್ಮ ಅಂದ್ರೆ ಡಿಗ್ರಿ ಓದ್ತಾವ್ನಲ್ಲ, ಅವ್ನಾ? ನೋಡಕ್ಕೆ ಹೆಂಗವ್ನೆ?"

ನಾನು ಅದಕ್ಕೆ ಉತ್ತರ ಹೇಳಬಹುದಿತ್ತು, ಇಲ್ಲ ಸುಮ್ಮನಿರಬಹುದಿತ್ತು. ಎರಡನ್ನೂ ಮಾಡಲಿಲ್ಲ. "ಬಂದು ನೋಡಿ," ಅಂದೆ. "ಗೋಲ್‌ಕೀಪರು. ಬೇರೆಯೋರೆಲ್ಲ ಓಡ್ತಿರ್ತಾರೆ. ಇವ್ನು ಒಂದೇ ಕಡೆ ನಿಂತಿರ್ತಾನೆ. ನೆಮ್ಮದಿಯಾಗಿ ನೋಡ್ಬೋದು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಯಜಮಾನರು ಮತ್ತೆ ಕನ್ನಡಕ ಹಾಕಿಕೊಂಡರು.

"ಒಂದ್ ಎಂಟು ಕೊಡಮ್ಮ. ಎಲ್ಲಾ ಕುರ್ಚಿದೇ ಇರ್ಲಿ. ಮುಂದಿನ್ ಸಾಲು. ಅಲ್ಲ, ಹುಡುಗಿ ಸೋದರಮಾವನ್ನ ಬುಟ್ಟು ಹೋಗಕ್ಕಾಯ್ತದಾ? ಹದಿನೆಂಟು ಮಾಡು."

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನ್ನ ಮುಖದ ಮೇಲೆ ನಗು ನಿಲ್ಲಲಿಲ್ಲ. ನಾನು ಯಾವ ಸುಳ್ಳನ್ನೂ ಹೇಳಿರಲಿಲ್ಲ. ಹುಡುಗನನ್ನು ಕೊಡುತ್ತೇವೆ ಅಂದೆನೇ? ಬಂದು ನೋಡಿ ಅಂದೆ. ನೋಡುವುದಕ್ಕೇ ಅಲ್ಲವೇ ಟಿಕೆಟ್ಟು?

ಎರಡು ದಿನ ಬಿಟ್ಟು ನಮ್ಮ ಯಜಮಾನರ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ಅಲ್ಲಿ ನನ್ನ ಗಿರಾಕಿಯೊಬ್ಬರ ಗಂಡ ಕುದುರೆ ಸಾಕುವ ಕೆಲಸದಲ್ಲಿದ್ದರು. ಅವರಿಗೂ ಮದುವೆಗೆ ಬಂದ ಮಗಳು. ಇಲ್ಲಿ ನಾನು ಯಾರಾದರೂ ಕೇಳುವವರೆಗೆ ಕಾಯಲಿಲ್ಲ, ನಾನೇ ಶುರು ಮಾಡಿದೆ. ಆ ಮನುಷ್ಯ ಪೂರ್ತಿ ಕೇಳಿ, "ಅಂಗಾರೆ ಚಡ್ಡೀಲಿ ಆಡ್ತಾನೆ ಅನ್ನು," ಅಂದರು.

"ಹೂಂ."

"ಒಳ್ಳೇದಾಯ್ತು ಬುಡು. ಹೆಣ್ ಕೊಡೋರಿಗೆ ಎಲ್ರೂ ಪಂಚೆ ಉಡಿಸಿ, ಶಲ್ಯ ಹೊದಿಸಿ ತೋರುಸ್ತಾರೆ. ಕಾಲು ನೋಡ್ದೆ ಏನ್ ಗೊತ್ತಾಯ್ತದೆ? ನಾನು ಮೊದ್ಲು ನೋಡೋದೇ ಕಾಲು."

ಅವರು ಇಪ್ಪತ್ತೈದು ಟಿಕೆಟ್ ತೆಗೆದುಕೊಂಡರು. ಉಳಿದ ಒಂದನ್ನು ನಮ್ಮ ಯಜಮಾನರೇ ಬಸ್ಸಿನಲ್ಲಿ, ಚಿಲ್ಲರೆ ಇಲ್ಲವೆಂದು ಅದರ ಬದಲಿಗೆ ಒಬ್ಬರಿಗೆ ದಾಟಿಸಿದರು. ಅಲ್ಲಿಗೆ ಐವತ್ತು. ಖಾಲಿ ಪುಸ್ತಕ ನೋಡಿ ತಮ್ಮ ಪೆಟ್ಟಿಗೆಯಿಂದ ಅಂಗಿ ತೆಗೆದು ಕೊಡವಿ ಹಗ್ಗಕ್ಕೆ ಹಾಕಿದ. ಆಮೇಲೆ ಮೆಲ್ಲಗೆ ಕೇಳಿದ. "ಗುಬ್ಬಿಯೋರು, ಕುಣಿಗಲ್‌ನೋರು ನನ್ನಾಟ ನೋಡೋಕೆ ಬರ್ತಾರೇನಕ್ಕಾ?"

"ನಿನ್ನನ್ನೇ ನೋಡೋಕೆ ಕಣೋ," ಅಂದೆ.

ಮ್ಯಾಚಿನ ದಿನ ಮಧ್ಯಾಹ್ನ ಮೂರಕ್ಕೆಲ್ಲ ಎರಡೂ ಕಡೆಯವರು ಬಂದರು. ಗುಬ್ಬಿಯವರು ನಾಟಕಕ್ಕೆ ಬರುವ ಹಾಗೆ ಜರಿ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಂದಿದ್ದರು. ಕುಣಿಗಲ್ಲಿನವರು ಕೊಡೆಗಳ ಸಮೇತ ಬಂದಿದ್ದರು. ಇವರಿಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಿದರೆ ನನ್ನ ಕಥೆ ಮುಗಿಯಿತು ಎನ್ನುವುದು ಗೇಟಿನಲ್ಲಿ ನಿಂತಾಗಲೇ ಹೊಳೆದದ್ದು. ತಮ್ಮ ರಸ್ತೆಯ ಕಡೆಯ ಗೋಲಿನಲ್ಲಿ ನಿಲ್ಲುತ್ತೇನೆ ಅಂದಿದ್ದ. ಆ ಗೋಲಿನ ಹಿಂದೆ ಬಲಕ್ಕೆ ಗುಬ್ಬಿಯವರನ್ನು ಕೂರಿಸಿದೆ, ಎಡಕ್ಕೆ ಕುಣಿಗಲ್ಲಿನವರನ್ನು. ಮಧ್ಯೆ ಮೀನಿನ ಬಲೆ, ಅದರ ಹಿಂದೆ ನಾನು.

ಪಿ.ಟಿ. ಮೇಷ್ಟ್ರು ಕಣ್ಣರಳಿಸಿಕೊಂಡು ಬಂದರು. "ಏನಮ್ಮಾ ಇದು! ಗೋಲ್ ಹಿಂದೆ ಬಂದು ಕೂರೋರನ್ನ ನಾನು ಇದುವರ್ಗೂ ನೋಡಿಲ್ಲ. ಎಲ್ರೂ ಮಧ್ಯದ ಗೆರೆ ಹತ್ರ ಕೂರ್ತಾರೆ."

"ನಮ್ಮೋರಿಗೆ ಇಲ್ಲೇ ಇಷ್ಟ ಸಾರ್," ಅಂದೆ.

ಆಟ ಶುರುವಾಯಿತು. ನನ್ನ ಗಿರಾಕಿಗಳು ಯಾರೂ ಚೆಂಡಿನ ಕಡೆ ನೋಡಲಿಲ್ಲ. ಚೆಂಡು ಆ ತುದಿಯಲ್ಲಿದ್ದರೂ ಈ ತುದಿಯಲ್ಲಿದ್ದರೂ ನಲವತ್ಮೂರು ಜನರ ಕಣ್ಣು ಹಳದಿ ಅಂಗಿಯ ಮೇಲೆ. ತಮ್ಮ ಮೂಗು ಒರೆಸಿಕೊಂಡರೆ, "ನೆಗಡಿಯೇನೋ," ಅನ್ನುತ್ತಿದ್ದರು. ಕುದುರೆಯ ಯಜಮಾನರು ಕೂತಲ್ಲೇ ಬಗ್ಗಿ ಅವನ ಮೊಣಕಾಲನ್ನು ಓದುತ್ತಿದ್ದರು. ತಮ್ಮನಿಗೆ ಮಾತ್ರ ಹಬ್ಬ. ಅವನ ಬೆನ್ನಿಗೆ ಅಷ್ಟು ಜನ ಯಾವತ್ತೂ ಕೂತಿರಲಿಲ್ಲ. ಒಂದೊಂದು ಸಲ ಸುಮ್ಮಸುಮ್ಮನೆ ಕುಪ್ಪಳಿಸುತ್ತಿದ್ದ.

ಅರ್ಧ ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಕುಣಿಗಲ್ಲಿನ ತಾಯಿ ನನ್ನ ಸೆರಗು ಎಳೆದರು. "ಆ ಕಡೆ ಜರಿ ಸೀರೆಯೋರು ಯಾರು? ನಮ್ ಹುಡುಗನ್ನೇ ನೋಡ್ತಾವ್ರಲ್ಲ."

ಆಗಲೇ "ನಮ್ ಹುಡುಗ" ಆಗಿಬಿಟ್ಟಿದ್ದ. ನಾನು ಮೈದಾನಕ್ಕೆ ಬೆನ್ನು ಮಾಡಿ, ಆಕೆಗೆ ಆ ಕಡೆ ಕಾಣದ ಹಾಗೆ ಅಡ್ಡ ಕೂತು, "ಅವ್ರು ಎದುರು ಟೀಮಿನೋರ ನೆಂಟ್ರು ಕಣಮ್ಮ, ಬುಡಿ," ಅಂದು ರವಿಕೆಯ ತೋಳಿನ ಮಾತು ತೆಗೆದೆ. ಎಲ್ಲೋ ಸೀಟಿ ಊದಿದರು. ಮೈದಾನ ಗಪ್ಪಾಯಿತು. ನಾನು ಮಾತಾಡುತ್ತಲೇ ಇದ್ದೆ. ಇದ್ದಕ್ಕಿದ್ದಂತೆ ಊರೇ ಬಿದ್ದ ಹಾಗೆ ಕೂಗು ಎದ್ದಿತು. ತಿರುಗಿ ನೋಡುವಷ್ಟರಲ್ಲಿ ತಮ್ಮ ನೆಲದ ಮೇಲೆ ಬಿದ್ದಿದ್ದ, ಚೆಂಡು ಅವನ ಎದೆಯಲ್ಲಿತ್ತು, ಹುಣಸೆಮರದ ಮೇಲಿನವರೂ ಎದ್ದು ನಿಂತಿದ್ದರು. ಪೆನಾಲ್ಟಿಯಂತೆ. ಗೋಲ್‌ಕೀಪರ್ ಒಬ್ಬನೇ ನಿಲ್ಲಬೇಕಂತೆ, ಎದುರಿನವನು ಹತ್ತಿರದಿಂದ ಒದೆಯುತ್ತಾನಂತೆ, ಹತ್ತರಲ್ಲಿ ಒಂಬತ್ತು ಗೋಲೇ ಅಂತೆ. ನನ್ನ ತಮ್ಮ ಅದನ್ನು ಹಿಡಿದಿದ್ದ.

ಆಮೇಲೆ ಸೀಟಿ ಊದಿದರು. ಆಟಗಾರರು ನಿಂಬೆಹಣ್ಣು ಚೀಪಿದರು. ಮತ್ತೆ ಸೀಟಿ ಊದಿದ ಮೇಲೆ ತಮ್ಮ ಗ್ಲೌಸು ಎತ್ತಿಕೊಂಡು ದೂರದ ಗೋಲಿನ ಕಡೆಗೆ ಹೊರಟುಹೋದ.

ಗುಬ್ಬಿಯ ಯಜಮಾನರು ಕುರ್ಚಿಯಿಂದ ಎದ್ದರು. "ಹುಡುಗ ಹೊಂಟೋದ್ನಲ್ಲಮ್ಮಾ!"

ಐವತ್ತು ಟಿಕೆಟ್ ಮಾರಿದ ನನಗೆ, ಅರ್ಧ ಆಟದ ಮೇಲೆ ಜಾಗ ಬದಲಾಯಿಸುತ್ತಾರೆ ಎನ್ನುವುದು ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಗುಬ್ಬಿಯವರು ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಬಲಗಡೆಯಿಂದ ಹೊರಟರು. ಕುಣಿಗಲ್ಲಿನವರು ಕೊಡೆ ಹಿಡಿದು ಎಡಗಡೆಯಿಂದ ಹೊರಟರು. ಊರಿನ ಜನ ಇದನ್ನು ನೋಡಿ ಚಪ್ಪಾಳೆ ಹೊಡೆದರು. ಆ ತುದಿಯಲ್ಲಿ ಒಂದು ಕಡೆ ಮೋರಿ, ಇನ್ನೊಂದು ಕಡೆ ಜಲ್ಲಿ ರಾಶಿ. ಗೋಲಿನ ಹಿಂದೆ ಇದ್ದದ್ದು ಒಂದೇ ತುಣುಕು ಜಾಗ. ಎಲ್ಲರೂ ಅಲ್ಲೇ ಕೂತರು, ಮೊಣಕೈಗೆ ಮೊಣಕೈ ತಾಗಿಸಿಕೊಂಡು.

ನಾನು ಓಡಿ ಹೋಗಿ ಮುಟ್ಟುವಷ್ಟರಲ್ಲಿ ಬುತ್ತಿ ಬಿಚ್ಚಿತ್ತು. ಗುಬ್ಬಿಯವರು ಚಕ್ಕುಲಿ ಕೊಟ್ಟಿದ್ದರು, ಕುಣಿಗಲ್ಲಿನವರು ತೆಗೆದುಕೊಂಡಿದ್ದರು.

"ತಾವು ಯಾರ್ ಕಡೆಯೋರು?" ಕುದುರೆಯ ಯಜಮಾನರು ಕೇಳಿದರು.

"ಹುಡುಗನ್ನ ನೋಡಕ್ಕೆ ಬಂದೋ."

"ಯಾವ್ ಹುಡುಗ?"

"ಅಗೋ, ಹಳದಿ ಅಂಗಿ."

ಕುದುರೆಯ ಯಜಮಾನರು ಅರ್ಧ ತಿಂದ ಚಕ್ಕುಲಿಯನ್ನು ಬಾಯಿಂದ ತೆಗೆದರು. "ಅವ್ನು ನಮಗೆ ಹೇಳಿರೋ ಹುಡುಗ ಕಣ್ರೀ."

"ನಾವು ಬುಧವಾರನೇ ಟಿಕೆಟ್ ತಗೊಂಡಿದೀವಿ. ನಿಮ್ದು ಯಾವತ್ತಿಂದು, ತೋರ್ಸಿ."

"ಟಿಕೆಟ್ ಮೊದ್ಲು ತಗೊಂಡ್ರೆ ಹುಡುಗ ನಿಮ್ಮೋನಾಗೋಯ್ತಾನಾ? ಇದೇನು ಬಸ್ ಸೀಟಾ?"

ಮಾತು ಏರಿತು. ಸೋದರಮಾವಂದಿರು ಎದ್ದು ನಿಂತರು. ಕೊಡೆಗಳು ಮಡಚಿಕೊಂಡವು. ನಾನು ಎರಡೂ ಕಡೆಯವರ ಕೈ ಹಿಡಿದು, "ಅಣ್ಣಾ, ಕೂತ್ಕೊಳ್ಳಿ ಅಣ್ಣಾ," ಅನ್ನುತ್ತಿದ್ದೆ. ಗುಬ್ಬಿಯ ಯಜಮಾನರು ನನ್ನನ್ನು ಸರಿಸಿ, ನಾಟಕದಲ್ಲಿ ಸಭೆಗೆ ಕೇಳಿಸುವ ಹಾಗೆ ಕೂಗುವವರ ಗಂಟಲಿನಲ್ಲಿ ಕೂಗಿದರು. "ಏನಪ್ಪಾ, ಹಳದಿ ಅಂಗಿ! ಇಲ್ಲಿ ನೋಡು!"

ತಮ್ಮ ತಿರುಗಿದ. ನಗುಮುಖ. ರೆಕ್ಸಿನ್ ಗ್ಲೌಸಿನ ಕೈಯನ್ನು ಮೇಲೆತ್ತಿ ಎಲ್ಲರಿಗೂ ನಮಸ್ಕಾರ ಮಾಡಿದ. ಅದೇ ಹೊತ್ತಿಗೆ ಚೆಂಡು ಅವನ ಪಕ್ಕದಲ್ಲಿ, ಅವಸರವೇ ಇಲ್ಲದೆ, ಉರುಳಿಕೊಂಡು ಹೋಗಿ ಮೀನಿನ ಬಲೆಗೆ ಬಿತ್ತು. ಹಿಡಿದದ್ದನ್ನು ನಾನು ನೋಡಲಿಲ್ಲ. ಬಿಟ್ಟದ್ದನ್ನು ನೋಡಿದೆ. ಅದೊಂದೇ ಗೋಲಿನಿಂದ ಸೋತರು.

ಗುಬ್ಬಿಯವರು ನನ್ನ ಜೊತೆ ಮಾತಾಡದೆ ಹೋದರು. ಕುದುರೆಯ ಯಜಮಾನರು ಮಾತ್ರ ನಿಂತು ನ್ಯಾಯ ಹೇಳಿದರು. "ಕಾಲೇನೋ ಚೆನ್ನಾಗವೆ ಕಣಮ್ಮ. ಆದ್ರೆ ಸದ್ದು ಮಾಡಿದ್ರೆ ಕತ್ತು ತಿರುಗುಸ್ತಾನೆ. ಅಂಥದ್ನ ನಾವು ಓಡ್ಸಕ್ಕೆ ಬುಡಲ್ಲ."

ಸಂಜೆ ತಮ್ಮ ತಲೆಯಲ್ಲಿ ಮಣ್ಣು ತುಂಬಿಕೊಂಡು ಮನೆಗೆ ಬಂದ. ಅಳುತ್ತಾನೆ ಅಂದುಕೊಂಡಿದ್ದೆ. "ಅಕ್ಕಾ, ಪೆನಾಲ್ಟಿ ಹಿಡಿದಿದ್ದು ನೋಡಿದ್ಯಾ?" ಅಂದ.

"ನೋಡ್ದೆ ಕಣೋ. ಎಡಗಡೆಗೆ ಹೆಂಗೆ ಹಾರಿದ್ಯಪ್ಪ!"

"ಬಲಗಡೆಗೆ ಕಣಕ್ಕಾ."

"ನಂಗೆ ಎಡ ಅಲ್ವಾ?" ಅಂದು ಒಲೆ ಊದಲು ಕೂತೆ.

"ಗೋಲು ನಂದೇ ತಪ್ಪು," ಅಂದ. "ಅಷ್ಟೊಂದು ಜನ ನನ್ನಾಟ ನೋಡೋಕೆ ಆ ಕಡೆಯಿಂದ ಈ ಕಡೆಗೆ ಬಂದ್ರಲ್ಲ, ಖುಷಿಗೆ ತಿರುಗಿಬಿಟ್ಟೆ."

ನಾನು ಇನ್ನೂ ಜೋರಾಗಿ ಒಲೆ ಊದಿದೆ. ನಮ್ಮ ಯಜಮಾನರಿಗೆ ಎಲ್ಲ ಗೊತ್ತಿತ್ತು. ಅವರು ಬಸ್ಸಿನ ಟಿಕೆಟ್ ಪುಸ್ತಕ ಜೋಡಿಸುವವರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಮಾರನೇ ವಾರ ಪಿ.ಟಿ. ಮೇಷ್ಟ್ರು ಮನೆಗೇ ಬಂದು, ಮುಂದಿನ ವರ್ಷ ಇಡೀ ಟೀಮಿನ ಪುಸ್ತಕ ನಾನೇ ಮಾರಿಕೊಡಬೇಕೆಂದು ಕೇಳಿದರು. ನನಗೆ ಜ್ವರ ಅಂತ ಹೇಳಿಸಿದೆ.

ಎಂಟು ವರ್ಷ ಕಳೆದು ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ತಮ್ಮ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಗುಬ್ಬಿಯೂ ಅಲ್ಲದ, ಕುಣಿಗಲ್ಲೂ ಅಲ್ಲದ ಊರಿನಿಂದ ಹೆಣ್ಣು ತಂದು ಮದುವೆಯಾಗಿದ್ದ, ಐದು ವರ್ಷದ ಮಗಳಿದ್ದಳು. ಒಂದು ಭಾನುವಾರ ಮಗಳನ್ನು ಲೂನಾ ಗಾಡಿಯ ಮುಂದೆ ನಿಲ್ಲಿಸಿಕೊಂಡು ಬಂದ. ಮಗು ಸ್ಕೂಲಿನ ಓಟದಲ್ಲಿ ಅಮ್ಮ ಎಲ್ಲಿದ್ದಾಳೆ ಎಂದು ತಿರುಗಿ ನೋಡಿ ಕೊನೆಯವಳಾಗಿ ಬಂದಿತ್ತಂತೆ. ಅವನು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಆಡೋವಾಗ ತಿರುಗಿ ನೋಡಬಾರ್ದು ಪುಟ್ಟಿ. ನಿಮ್ಮಪ್ಪ ಜಂಬಕ್ಕೆ ತಿರುಗಿ ನೋಡಿ ಟೀಮನ್ನೇ ಸೋಲಿಸಿದೋನು," ಅಂದ. ಮಗು ತಲೆ ತಗ್ಗಿಸಿತು. ಅವನೂ ತಗ್ಗಿಸಿದ.

ನಾನು ಮೆಷಿನ್ನು ನಿಲ್ಲಿಸಿದೆ. "ಜಂಬ ನಿಂದಲ್ಲ ಕಣೋ," ಅಂದು ಎಲ್ಲ ಹೇಳಿಬಿಟ್ಟೆ. ಗುಬ್ಬಿಯ ಹದಿನೆಂಟು, ಕುಣಿಗಲ್ಲಿನ ಇಪ್ಪತ್ತೈದು, ಮೊಣಕಾಲು, ಚಕ್ಕುಲಿ, ಯಾವುದನ್ನೂ ಬಿಡಲಿಲ್ಲ. ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.

"ಎಲ್ರೂನಾ? ಒಬ್ರೂ ಆಟ ನೋಡೋಕೆ ಬರ್ಲಿಲ್ವಾ?"

ನಾನು ಮೆಷಿನ್ನಿನ ಮೇಲಿನ ಬಟ್ಟೆ ಮಡಚಿದೆ.

"ಹೋಗ್ಲಿ, ಪೆನಾಲ್ಟಿ ಹಿಡಿದಾಗ ಎದ್ದು ನಿಂತು ಕೂಗಿದ್ರಲ್ಲ, ಅದಾದ್ರೂ ನಿಜ ತಾನೇ?"

"ಕೂಗಿದ್ರು ಕಣೋ. ಭಾರಿ ಚೆನ್ನಾಗಿ ಹಿಡಿದ್ಯಂತೆ."

"ಅಂತೆ ಅಂದ್ರೆ? ನೀನು ನೋಡಿದ್ಯಲ್ಲ."

ಸೂಜಿಗೆ ದಾರ ಪೋಣಿಸುವ ನೆಪ ಮಾಡಿದೆ. ದಾರ ಹೋಗಲಿಲ್ಲ. "ನೋಡ್ಲಿಲ್ಲ," ಅಂದೆ. "ಬೆನ್ನು ಮಾಡಿ ಕೂತಿದ್ದೆ. ಆ ಯಮ್ಮನ ಕಣ್ಣಿಗೆ ಅಡ್ಡ."

ಅವನು ತನ್ನ ಎರಡೂ ಕೈಯನ್ನು ನೋಡಿಕೊಂಡ. "ಅದಕ್ಕೇ ಎಡ ಅಂದ್ಯಾ? ಗೋಲಿನ ಹಿಂದೆ ಕೂತೋಳಿಗೆ ನನ್ನ ಬಲ ಹೆಂಗೆ ಎಡ ಆಗುತ್ತೆ?" ಅಂದ. ಎಂಟು ವರ್ಷದ ಮೇಲೆ ಈ ಲೆಕ್ಕದಲ್ಲೂ ನಾನು ಫೇಲಾದೆ.

ಅವನು ಮಗಳನ್ನು ಇಳಿಸಿ, ಚಪ್ಪಲಿ ಬಿಟ್ಟು, ಜಗಲಿಯ ಎರಡು ಕಂಬಗಳ ಮಧ್ಯೆ ಹೋಗಿ ನಿಂತ. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. "ಚಿಂದಿ ಗಂಟು ತಗೊಂಡು ಅಂಗಳಕ್ಕೆ ಇಳಿ," ಅಂದ.

"ಯಾಕೋ?"

"ಒದಿ. ನನ್ನ ಬಲಕ್ಕೆ."

ಚೂರುಬಟ್ಟೆಯ ಗಂಟನ್ನು ಅಂಗಳದಲ್ಲಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು ಒದ್ದೆ. ಅದು ಹೋಗಿ ಅವನ ಎಡಗಡೆಯ ಕಂಬಕ್ಕೆ ಬಡಿಯಿತು. ಮಗು ಕಿಲಕಿಲ ನಕ್ಕಿತು.

"ಈಗ ಎದುರಿಗಿದೀಯ ಕಣಕ್ಕಾ! ನನ್ನ ಬಲ ನಿಂಗೆ ಎಡ. ಇನ್ನೊಂದ್ಸಲ ಒದಿ."

ಈ ಸಲ ಗಂಟು ಹೋಗಬೇಕಾದ ಕಡೆಗೆ ಹೋಯಿತು. ಅವನು ಇಷ್ಟುದ್ದ ಕೈ ಚಾಚಿ ಹಾರಿದ, ಜಗಲಿಯ ಕೆಂಪು ಗಾರೆಯ ಮೇಲೆ ದೊಪ್ಪನೆ ಬಿದ್ದ, ಗಂಟು ಅವನ ಎದೆಯಲ್ಲೇ ಬಿಚ್ಚಿಕೊಂಡು ಊರಿನ ರವಿಕೆಗಳ ಚೂರೆಲ್ಲ ಅವನ ಮೇಲೆ ಉದುರಿತು. ನಾನು ರೆಪ್ಪೆ ಬಡಿದಿರಲಿಲ್ಲ.

ಬಿದ್ದಲ್ಲಿಂದಲೇ ಕತ್ತೆತ್ತಿ ಕೇಳಿದ. "ನೋಡಿದ್ಯಾ?"

"ನೋಡ್ದೆ ಕಣೋ."

"ಯಾವ ಕಡೆಗೆ ಹಾರಿದೆ, ಹೇಳು."

"ನಿನ್ನ ಬಲಕ್ಕೆ," ಅಂದೆ.